ಆರಿಂಚು

ಎಸ್ಕನಾಬಾದ ಹೈಸ್ಕೂಲು, ಮಾರ್ಚಿಯ ಒಂದು ಶುಕ್ರವಾರ.
ಹೊರಗೆ ಸರೋವರ ಇನ್ನೂ ಗಟ್ಟಿ.
ಒಳಗೆ ಜಿಮ್ಮಿನಲ್ಲಿ ನಮ್ಮ ರೋಬೋಟು
ಸೊಂಟದ ಬಟ್ಟೆ ಬಿಚ್ಚಿಸಿಕೊಂಡು ತಕ್ಕಡಿಯ ಮೇಲೆ ನಿಂತಿದೆ,
ಡಾಕ್ಟರ ಮುಂದೆ ನಿಂತ ಹುಡುಗನ ಹಾಗೆ.

ಸೊಂಟದ ಬಟ್ಟೆ ಅಂದರೆ ಬಂಪರು.
ಮುಕ್ಕಾಲಿಂಚಿನ ಪ್ಲೈವುಡ್ಡು, ಅದರ ಮುಂದೆ
ಈಜುಕೊಳದಲ್ಲಿ ಮಕ್ಕಳು ಅಪ್ಪಿಕೊಂಡು ತೇಲುವ
ಸ್ಪಂಜಿನ ಕೊಳವೆ ಎರಡು, ಒಂದರ ಮೇಲೊಂದು.
ಮೇಲೆ ಕೆಂಪು ಬಟ್ಟೆ. ಪಕ್ಷ ಬದಲಾದರೆ ನೀಲಿ.
ನಾನೇ ಹೊಲಿದದ್ದು. ಮೂಲೆಯಲ್ಲಿ ನೆರಿಗೆ ಬಿದ್ದಿದೆ, ನೋಡಬೇಡಿ.

ಅಪ್ಪ ಹುಣಸೂರಿನ ರಿಜಿಸ್ಟ್ರಿ ಕಚೇರಿ ಎದುರು ಪತ್ರ ಬರೆಯುತ್ತಿದ್ದರು:
ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಓಣಿ.
ಬಂಪರೂ ಒಂದು ಚಕ್ಕುಬಂದಿಯೇ,
ನಾಲ್ಕು ದಿಕ್ಕಿಗೂ ಬೇರೆಯವರ ರೋಬೋಟು, ಅಷ್ಟೇ ವ್ಯತ್ಯಾಸ.

ನನ್ನ ಹೊಟ್ಟೆಪಾಡು ಇನ್ಶೂರೆನ್ಸ್ ಕಂಪನಿಯಲ್ಲಿ.
ಅಲ್ಲಿ ನಿಜವಾದ ಬಂಪರುಗಳು: ಜಿಂಕೆಗೆ ಗುದ್ದಿದ್ದು,
ಹಿಮದ ದಿಬ್ಬಕ್ಕೆ, ಅತ್ತೆಯ ಗ್ಯಾರೇಜಿಗೆ.
ಹತ್ತೊಂಬತ್ತು ವರ್ಷದಿಂದ ‘ಮತ್ತು’, ‘ಅಥವಾ’ಗಳ ಸಂದಿಯಲ್ಲಿ
ಬಾಚಣಿಗೆ ಆಡಿಸಿ ಹೇನು ಹೆಕ್ಕುತ್ತಿದ್ದೇನೆ.
ಒಂದು ಅಲ್ಪವಿರಾಮ ಸಿಕ್ಕರೆ ಸಾಕು,
‘ಇಲ್ಲ’ ಎಂದು ಬರೆದು ಸಹಿ ಹಾಕಬಹುದು.
ಅದಕ್ಕೇ ಮಕ್ಕಳು ನಿಯಮದ ಪುಸ್ತಕ ನನ್ನ ಕೈಗೆ ಕೊಟ್ಟದ್ದು.

ಪ್ರತಿ ಮೂಲೆಯ ಎರಡೂ ಕಡೆ
ಕನಿಷ್ಠ ಆರಿಂಚು ರಕ್ಷಣೆ ಇರತಕ್ಕದ್ದು.
ಐನೋ ಮಾಟಿಲಾ ಟೇಪು ಎಳೆದರು.
ಎಪ್ಪತ್ತರ ಆಸುಪಾಸು, ಒಂದು ಕಾಲಕ್ಕೆ ಅದಿರಿನ ಹಡಗುಗಳಿಗೆ ವೆಲ್ಡರು,
ಈಗ ಕೊರಳಲ್ಲಿ ಇನ್ಸ್‌ಪೆಕ್ಟರ್ ಬಿಲ್ಲೆ.
ಎಡಗಡೆ ಮುಂದಿನ ಮೂಲೆ:
ಐದಿಂಚು, ಮೇಲೆ ಎಂಟರಲ್ಲಿ ಏಳು ಪಾಲು.
ಒಂದು ಎಳ್ಳು ಕಡಿಮೆ.

ಗಂಟಲು ಸರಿಮಾಡಿಕೊಂಡೆ.
ಎಲ್ಲಿಂದ ಆರು, ಮೇಡಂ? ಪುಸ್ತಕ ಹೇಳಿಲ್ಲ.
ಚೌಕಟ್ಟಿನ ತುದಿಯಿಂದಲೋ, ಮರದ ತುದಿಯಿಂದಲೋ?
ಸ್ಪಂಜು ಮೂಲೆ ಸುತ್ತಿ ಬರುತ್ತದಲ್ಲ,
ಅದರ ಹೊರಮೈ ಹಿಡಿದು ಅಳೆಯಿರಿ, ಎಂಟೂವರೆ ಆಗುತ್ತದೆ.
ಸ್ಪಂಜು ರಕ್ಷಣೆಯಲ್ಲದೆ ಮತ್ತೇನು?

ಐನೋ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.
‘ಹ್ಞೂಂ. ಹಾಗೂ ಓದಬಹುದು. ದೊಡ್ಡವರನ್ನು ಕೇಳಿ ಬರುತ್ತೇನೆ.’
ಒಳಗೊಳಗೇ ನನಗೆ ಹಬ್ಬ.
ಹೇನು ಹೆಕ್ಕಿ ಸವೆದ ಬಾಚಣಿಗೆಗೆ
ಮೊದಲ ಸಲ ಒಂದು ‘ಹೌದು’ ಸಿಕ್ಕಿತ್ತು.

ಆಗ ಒಡೆಟ್, ಹದಿನೈದು ವರ್ಷ, ಹಲ್ಲಿಗೆ ತಂತಿ,
ಚೌಕಟ್ಟಿನ ನಕ್ಷೆ ಅವಳದೇ,
ಬಂಪರನ್ನು ತೊಡೆಯ ಮೇಲೆ ಎಳೆದುಕೊಂಡು
ಆ ಮೂಲೆಗೆ ಹೆಬ್ಬೆರಳು ಒತ್ತಿದಳು.
ಬೆರಳು ಒಳಗೆ ಹೋಯಿತು.
ಹೋಗುತ್ತಲೇ ಇತ್ತು.
ಹಿಂದೆ ಮರ ಇರಲಿಲ್ಲ.
‘ಗುದ್ದುವವರು ಪುಸ್ತಕ ಓದಿಕೊಂಡು ಬರೋದಿಲ್ಲವಲ್ಲ’
ಅಂದಳು, ನನ್ನ ಕಡೆ ನೋಡದೆ.

ಗರಗಸ ಬಂತು. ಪಿನ್ನುಗಳು ಹಾರಿದವು.
ಹೊಸ ಹಲಗೆ, ಆರೂಕಾಲು.
ರೋಬೋಟಿನ ಬಾಯಿ ಅಷ್ಟು ಕಿರಿದಾಯಿತು,
ಇನ್ನು ಚೆಂಡು ತಿಣುಕಿಕೊಂಡೇ ಒಳಗೆ ಹೋಗಬೇಕು.
ಡೇಕಿನ್ ಎಂಬ ಹುಡುಗ ಅದಕ್ಕೆ ಸಿಟ್ಟಾಗಿ
ಚಿಪ್ಸ್ ತಿನ್ನಲು ಹೊರಟುಹೋದ.

ಐನೋ ವಾಪಸು ಬಂದರು, ನಗುತ್ತ:
‘ನಿಮ್ಮ ಓದೇ ಸರಿಯಂತೆ. ಒಪ್ಪಿದ್ದಾರೆ.’
ಅಷ್ಟರಲ್ಲಿ ನನ್ನ ಹೊಲಿಗೆ
ಕುರಿಯ ಚರ್ಮದ ಹಾಗೆ ನೆಲದ ಮೇಲೆ ಹರವಿಕೊಂಡಿತ್ತು.
ಮೊದಲ ಪಂದ್ಯ ತಪ್ಪಿತು.
ಎರಡನೆಯದು ಸೋತೆವು. ಮೂರನೆಯದು ಗೆದ್ದೆವು,
ಜೊತೆಯವರ ದಯೆಯಿಂದ.
ಇಡೀ ದಿನ ಆ ಮೂಲೆಗೆ
ಯಾರೂ ಗುದ್ದಲಿಲ್ಲ.

ಸೋಮವಾರ ಮೇಜಿನ ಮೇಲೆ ಒಂದು ಕ್ಲೇಮು.
ಹಳೆಯ ಪಿಕಪ್ಪು, ಮಂಜು, ಅಂಚೆಡಬ್ಬದ ಕಂಬ.
ಮೂರನೆಯ ಸಾಲಿನಲ್ಲಿ ಅಲ್ಪವಿರಾಮ ಆಗಲೇ ಕಾಣುತ್ತಿದೆ.
ಪೆನ್ನು ಎತ್ತುವ ಮೊದಲು
ಹಾಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ.
ಹಿಂದೆ ಮೇಜಿನ ಮರ, ಗಟ್ಟಿ.
ಆದರೂ ಇನ್ನೊಮ್ಮೆ ಒತ್ತಿದೆ.